ವೈನ್ ರುಚಿ ನೋಡಲು ಕಲಿಯುವುದು: ಕಾಫಿ ಸೀಮೆಯ ಮೂಗಿಗೊಂದು ಕೈಪಿಡಿ

ವೈನ್ ಬಾಟಲಿಯ ಬೆನ್ನಿನ ಚೀಟಿಯಲ್ಲಿ ‘ಬ್ಲ್ಯಾಕ್ ಕರಂಟ್, ಗೂಸ್‌ಬೆರಿ, ಸೀಡರ್ ಮರದ ಪರಿಮಳ’ ಎಂದೆಲ್ಲ ಬರೆದಿರುತ್ತದೆ. ಮೂಡಿಗೆರೆಯಲ್ಲೋ ಅರಸೀಕೆರೆಯಲ್ಲೋ ಬೆಳೆದವರಲ್ಲಿ ಹೆಚ್ಚಿನವರು ಈ ಮೂರರಲ್ಲಿ ಒಂದನ್ನೂ ಮೂಸಿ ನೋಡಿರುವುದಿಲ್ಲ. ಗ್ಲಾಸನ್ನು ಮೂಗಿಗೆ ಹಿಡಿದರೆ ಏನೋ ಪರಿಚಯದ ವಾಸನೆ ಬರುತ್ತದೆ, ಚೀಟಿಯಲ್ಲಿರುವ ಹೆಸರಿಗೆ ಅದು ಕೂಡುವುದಿಲ್ಲ, ಕೊನೆಗೆ ‘ಇದೆಲ್ಲ ನಮಗೆ ತಿಳಿಯುವಂಥದ್ದಲ್ಲ’ ಎಂದು ಕೈಬಿಡುತ್ತಾರೆ. ಕಣದಲ್ಲಿ ಹರಡಿದ ಪಾರ್ಚ್‌ಮೆಂಟನ್ನು, ಅಂದರೆ ತೊಳೆದು ಹೊಟ್ಟು ಕಳೆಯದೆ ಒಣಗಿಸುವ ಕಾಫಿ ಬೀಜವನ್ನು, ಒಂದು ಮುಷ್ಟಿ ಎತ್ತಿ ಮೂಸಿ, ಸರಿಯಾಗಿ ಒಣಗಿದೆಯೋ ಇಲ್ಲವೋ ಹೇಳಬಲ್ಲ ಮಂದಿ ಚಿಕ್ಕಮಗಳೂರು, ಸಕಲೇಶಪುರದ ಕಡೆ ಎಷ್ಟು ಬೇಕಾದರೂ ಇದ್ದಾರೆ. ಅಂಥ ಮೂಗಿಗೆ ವೈನ್ ಏನೂ ಕಷ್ಟವಲ್ಲ. ಒಂದು ಕ್ರಮ ಬೇಕು, ಜೊತೆಗೆ ನಮ್ಮ ಹಿತ್ತಲು, ಸಂತೆ, ಅಡುಗೆಮನೆಯಿಂದ ಆಯ್ದ ಒಂದಿಷ್ಟು ಹೆಸರು ಬೇಕು.

ಇಲ್ಲಿ ಹೇಳುವ ಕ್ರಮದಲ್ಲಿ ಬಾಯಿ ಮೊದಲು, ಮೂಗು ಆಮೇಲೆ, ಬಾಟಲಿ ಕೊನೆಗೆ. ಸಾಮಾನ್ಯವಾಗಿ ಎಲ್ಲರೂ ಬಾಟಲಿಯಿಂದಲೇ ಶುರು ಮಾಡುತ್ತಾರೆ. ದುಡ್ಡೂ ಖರ್ಚಾಗುತ್ತದೆ, ಪಾಠವೂ ಆಗುವುದಿಲ್ಲ.

ಹಂತ 1: ಅಡುಗೆಮನೆಯಲ್ಲಿ ನಾಲಿಗೆಯ ತಾಲೀಮು

ವೈನ್‌ನಲ್ಲಿ ಬಾಯಿ ಗುರುತಿಸಬೇಕಾದದ್ದು ಐದೇ ಸಂಗತಿ: ಸಿಹಿ, ಹುಳಿ, ಒಗರು, ಕಾವು, ತೂಕ. ಮಿಕ್ಕಿದ್ದೆಲ್ಲ ಮೂಗಿನ ಕೆಲಸ. ಈ ಐದನ್ನೂ ಒಂದು ಹನಿ ವೈನ್ ಇಲ್ಲದೆ ಮನೆಯಲ್ಲೇ ಕಲಿಯಬಹುದು.

ಹುಳಿಯಿಂದ ಶುರು ಮಾಡಿ. ಗೋಲಿ ಗಾತ್ರದ ಹುಣಸೆಹಣ್ಣನ್ನು ಒಂದು ಲೋಟ ನೀರಿನಲ್ಲಿ ಕಿವುಚಿ ಸೋಸಿಕೊಳ್ಳಿ. ಬೇರೆ ಹುಳಿಗಳನ್ನು ಬಿಟ್ಟು ಹುಣಸೆಯನ್ನೇ ಹೇಳಲು ಕಾರಣವಿದೆ. ದ್ರಾಕ್ಷಿಯ ಮುಖ್ಯ ಆಮ್ಲ ಟಾರ್ಟಾರಿಕ್, ಹುಣಸೆಯದ್ದೂ ಅದೇ. ಒಂದು ಗುಟುಕು ಕುಡಿದು ಕೆಳದವಡೆಯ ಎರಡು ಬದಿ ಎಷ್ಟು ಹೊತ್ತು ನೀರೂರುತ್ತದೆ ಎಂದು ಗಮನಿಸಿ. ವೈನ್‌ನವರು ‘ಆಸಿಡಿಟಿ’ ಎಂದು ಅಳೆಯುವುದು ಈ ನೀರೂರುವಿಕೆಯನ್ನೇ. ಪಕ್ಕದಲ್ಲಿ ಒಂದು ಹಸಿರು ಸೇಬಿನ ಹೋಳು, ಒಂದು ಚಮಚ ಮೊಸರು ಇಟ್ಟುಕೊಳ್ಳಿ. ಸೇಬಿನದ್ದು ಮ್ಯಾಲಿಕ್ ಆಮ್ಲ, ಚುಚ್ಚುವ ಹುಳಿ. ಮೊಸರಿನದ್ದು ಲ್ಯಾಕ್ಟಿಕ್, ಮೆತ್ತನೆಯ ಹುಳಿ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಿಹಿಗೆ ಎರಡು ಲೋಟ. ಎರಡಕ್ಕೂ 250 ಮಿಲಿ ನೀರು, ಒಂದೊಂದು ಟೀ ಚಮಚ ಸಕ್ಕರೆ. ಎರಡನೆಯದಕ್ಕೆ ಮಾತ್ರ ಅರ್ಧ ನಿಂಬೆಹಣ್ಣು ಹಿಂಡಿ. ಸಕ್ಕರೆ ಅಷ್ಟೇ ಇದ್ದರೂ ಎರಡನೆಯದು ಕಡಿಮೆ ಸಿಹಿ ಅನಿಸುತ್ತದೆ. ವೈನ್‌ನಲ್ಲೂ ಹೀಗೆಯೇ ಹುಳಿ ಸಿಹಿಯನ್ನು ಮರೆಮಾಡುತ್ತದೆ. ಹಾಗಾಗಿ ‘ಡ್ರೈ’, ಅಂದರೆ ಸಿಹಿಯಿಲ್ಲದ್ದು, ಎಂಬುದನ್ನು ಹುದುಗದೆ ಉಳಿದ ಸಕ್ಕರೆಯ ಲೆಕ್ಕದಲ್ಲಿ ಹೇಳುತ್ತಾರೆ. ಯುರೋಪಿನ ನಿಯಮದಲ್ಲಿ ಲೀಟರಿಗೆ 4 ಗ್ರಾಂ ಒಳಗಿದ್ದರೆ ಡ್ರೈ, ಹುಳಿ ಸಾಕಷ್ಟಿದ್ದರೆ 9 ಗ್ರಾಂವರೆಗೂ ಆ ಹೆಸರು ಸಲ್ಲುತ್ತದೆ. ನಮ್ಮೂರ ಅಂಗಡಿಯಲ್ಲಿ ‘ಅಣ್ಣಾ, ಡ್ರೈ ಇದೆಯಾ?’ ಎಂದು ಕೇಳಿದರೆ ‘ಇವತ್ತು ಡ್ರೈ ಡೇ ಅಲ್ಲ ಸಾರ್’ ಎಂಬ ಉತ್ತರ ಬಂದರೂ ಬರಬಹುದು. ‘ಸಿಹಿ ಇಲ್ಲದ್ದು ಕೊಡಿ’ ಎಂದರೆ ಸುಲಭ.

ಒಗರು ನಮಗೆ ಹೇಳಿಕೊಡಬೇಕಾದ ರುಚಿಯೇ ಅಲ್ಲ. ಅಡಿಕೆ ಬೇಯಿಸಿದ ಚೊಗರನ್ನು ಒಮ್ಮೆ ನಾಲಿಗೆಗೆ ಮುಟ್ಟಿಸಿದವರಿಗೆ, ಕಾಯಿ ಬಾಳೆ ಕಚ್ಚಿದವರಿಗೆ ಟ್ಯಾನಿನ್ ಎಂದರೇನು ಎಂಬುದು ಗೊತ್ತೇ ಇದೆ. ಆದರೂ ತಾಲೀಮಿಗಾಗಿ ಒಂದು ಚಮಚ ಟೀಪುಡಿಯನ್ನು ಹತ್ತು ನಿಮಿಷ ಕುದಿಸಿ, ಹಾಲು ಸಕ್ಕರೆ ಹಾಕದೆ ಆರಿಸಿ ಕುಡಿಯಿರಿ. ಒಸಡು, ಕೆನ್ನೆಯ ಒಳಭಾಗ ಬಿಗಿದುಕೊಳ್ಳುತ್ತದೆ. ಜೊಲ್ಲಿನಲ್ಲಿರುವ ಪ್ರೋಟೀನನ್ನು ಟ್ಯಾನಿನ್ ಹಿಡಿದುಕೊಳ್ಳುವುದರಿಂದ ಬಾಯಿಯ ಜಾರುತನ ಹೋಗುತ್ತದೆ. ಅದೇ ಡಿಕಾಕ್ಷನ್‌ಗೆ ಎರಡು ಚಮಚ ಹಾಲು ಬೆರೆಸಿ ನೋಡಿ, ಹಿಡಿತ ಸಡಿಲವಾಗುತ್ತದೆ. ಟ್ಯಾನಿನ್ ಈಗ ಹಾಲಿನ ಪ್ರೋಟೀನನ್ನು ಹಿಡಿದುಕೊಂಡಿದೆ. ಕೆಂಪು ವೈನ್ ಜೊತೆ ಚೀಸ್, ಮಾಂಸ ಹೊಂದುವುದಕ್ಕೂ ಇದು ಒಂದು ಕಾರಣ. ಒಗರಿನಲ್ಲೂ ಬಗೆಗಳಿವೆ: ನುಣುಪು ಒಗರು, ಒರಟು ಒಗರು, ಹಣ್ಣಾಗದ ಕಾಯಿಯ ಹಸಿ ಒಗರು. ಒಗರನ್ನು ಕಹಿಯೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಕಹಿ ನಾಲಿಗೆಗೆ ತಿಳಿಯುವ ರುಚಿ, ಒಗರು ಇಡೀ ಬಾಯಿಗೆ ಆಗುವ ಸ್ಪರ್ಶ.

ಕಾವು ಎಂದರೆ ಆಲ್ಕೋಹಾಲ್. ನಮ್ಮಲ್ಲಿ ಸಿಗುವ ವೋಡ್ಕಾ ಸಾಮಾನ್ಯವಾಗಿ 42.8%. ಅದರ 30 ಮಿಲಿಗೆ 60 ಮಿಲಿ ನೀರು ಬೆರೆಸಿದರೆ 14% ಆಸುಪಾಸು ಆಗುತ್ತದೆ, ಅಂದರೆ ಒಂದು ಗಟ್ಟಿ ಕೆಂಪು ವೈನ್‌ನಷ್ಟು. ಒಂದು ಗುಟುಕು ಬಾಯಲ್ಲಿ ಆಡಿಸಿ ಉಗುಳಿ, ಮೂಗಿನಿಂದ ಉಸಿರು ಬಿಡಿ. ಗಂಟಲಿನ ಹಿಂದೆ ಬೆಚ್ಚಗಾದ ಜಾಗವನ್ನು ನೆನಪಿಟ್ಟುಕೊಳ್ಳಿ. ತೂಕಕ್ಕೆ ನೀರು, ಟೋನ್ಡ್ ಹಾಲು, ಗಟ್ಟಿ ಹಾಲು ಒಂದಾದ ಮೇಲೊಂದು ಕುಡಿದರೆ ಸಾಕು. ‘ಲೈಟ್ ಬಾಡಿ’, ‘ಫುಲ್ ಬಾಡಿ’ ಎನ್ನುವುದು ಇಷ್ಟೇ. ಕಾಫಿ ಕಪ್ಪಿಂಗ್ (ಕಾಫಿಯನ್ನು ಮೂಸಿ, ಸವಿದು ಗುಣ ಅಳೆಯುವುದು) ಮಾಡುವವರು ಇದೇ ಪದಗಳನ್ನು ಇದೇ ಅರ್ಥದಲ್ಲಿ ಬಳಸುತ್ತಾರೆ, ಅವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು.

ಹಂತ 2: ಡಬ್ಬಿಗಳಲ್ಲಿ ವಾಸನೆ ಕಟ್ಟಿಡುವುದು

ಒಂದು ಸಣ್ಣ ಪರೀಕ್ಷೆ. ಮೂಗನ್ನು ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ, ಏಲಕ್ಕಿ ಪುಡಿ ಬೆರೆಸಿದ ಬೆಲ್ಲವನ್ನು ಬಾಯಿಗೆ ಹಾಕಿ ಅಗಿಯಿರಿ. ಸಿಹಿ ಮಾತ್ರ ತಿಳಿಯುತ್ತದೆ. ಮೂಗು ಬಿಟ್ಟ ತಕ್ಷಣ ಏಲಕ್ಕಿ ಬರುತ್ತದೆ. ನಾವು ರುಚಿ ಎಂದುಕೊಂಡದ್ದರಲ್ಲಿ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ಕಪ್ಪಿಂಗ್‌ನಲ್ಲಿ ಚಮಚದ ಕಾಫಿಯನ್ನು ಸೊರ್ರೆಂದು ಎಳೆಯುವುದು ಇದಕ್ಕೇ, ವೈನ್‌ನಲ್ಲೂ ಹಾಗೆಯೇ ಎಳೆಯುತ್ತಾರೆ. ಮನೆಯಲ್ಲಿ ಹಿರಿಯರು ಮುಖ ಕಿವುಚಿದರೆ ಕಿವುಚಲಿ.

ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿದ್ದ ಆ್ಯನ್ ನೋಬಲ್ ಎಂಬಾಕೆ 1984ರಲ್ಲಿ ವೈನ್ ವಾಸನೆಗಳ ಚಕ್ರವೊಂದನ್ನು ಪ್ರಕಟಿಸಿದರು. ‘ಅದ್ಭುತ’, ‘ಗಾಂಭೀರ್ಯವುಳ್ಳದ್ದು’ ಎಂಬಂಥ ಮಾತು ಬಿಟ್ಟು, ಕೈಗೆ ಸಿಗುವ ವಸ್ತುವಿನ ಹೆಸರಿನಲ್ಲೇ ವಾಸನೆಯನ್ನು ಹೇಳಬೇಕು ಎಂಬುದು ಅದರ ತತ್ವ. ಆಕೆಗೆ ಸಿಕ್ಕ ವಸ್ತುಗಳು ಆಕೆಯ ಊರಿನವು. ತತ್ವವನ್ನು ಇಟ್ಟುಕೊಂಡು ವಸ್ತುಗಳನ್ನು ನಾವು ಬದಲಿಸಿಕೊಳ್ಳಬಹುದು.

ಮುಚ್ಚಳವಿರುವ ಹತ್ತು ಸಣ್ಣ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ. ಒಂದಕ್ಕೆ ಆಗಷ್ಟೇ ಕುಟ್ಟಿದ ಕಾಳುಮೆಣಸು ಹಾಕಿ. ಶಿರಾಜ್ ದ್ರಾಕ್ಷಿಯ ವೈನ್‌ನಲ್ಲಿ ಬರುವ ಮೆಣಸಿನ ವಾಸನೆ ಕವಿಕಲ್ಪನೆಯಲ್ಲ. ರೋಟಂಡೋನ್ ಎಂಬ ಅಣು ಎರಡರಲ್ಲೂ ಇದೆ, ಆಸ್ಟ್ರೇಲಿಯಾದ ವಿಜ್ಞಾನಿಗಳು ಅದನ್ನು 2008ರಲ್ಲಿ ಪ್ರಕಟಿಸಿದರು. ಸುಮಾರು ಐದರಲ್ಲಿ ಒಬ್ಬರಿಗೆ ಈ ಅಣುವಿನ ವಾಸನೆ ತಿಳಿಯುವುದೇ ಇಲ್ಲ ಎಂಬುದನ್ನೂ ಅವರೇ ಕಂಡುಕೊಂಡರು. ಪಕ್ಕದಲ್ಲಿ ಕೂತವರು ‘ಮೆಣಸು, ಮೆಣಸು’ ಎಂದು ಕುಣಿಯುವಾಗ ನಿಮಗೆ ಏನೂ ಬಾರದಿದ್ದರೆ ಬೇಸರಪಡಬೇಡಿ.

ಎರಡನೆಯ ಡಬ್ಬಿಗೆ ಹಸಿ ದೊಣ್ಣೆಮೆಣಸಿನಕಾಯಿಯ ಹೋಳು. ಸೋವಿನ್ಯೋನ್ ಬ್ಲಾಂ ಮತ್ತು ಪೂರ್ತಿ ಹಣ್ಣಾಗದ ಕ್ಯಾಬರ್ನೆ ದ್ರಾಕ್ಷಿಗಳ ವೈನ್‌ನಲ್ಲಿ ಈ ಹಸಿರು ವಾಸನೆ ಬರುತ್ತದೆ, ಪಿರಜೀನ್ ಗುಂಪಿನ ಅಣುಗಳ ಕೆಲಸ ಅದು. ಮೂರನೆಯದಕ್ಕೆ ಹಣ್ಣು ಸೀಬೆ, ನಾಲ್ಕಕ್ಕೆ ಚಕ್ಕೋತದ ಸಿಪ್ಪೆ. ಬೇಲಿಗೆ ಹಬ್ಬಿಸಿದ ಪ್ಯಾಶನ್ ಫ್ರೂಟ್ ಬಳ್ಳಿ ಇದ್ದರೆ ಅದರ ಹಣ್ಣು ಇನ್ನೂ ಒಳ್ಳೆಯದು. ಚೀಟಿಯಲ್ಲಿ ಗೂಸ್‌ಬೆರಿ ಎಂದು ಬರೆದಿರುವ ಜಾಗದಲ್ಲಿ ನಮ್ಮ ಮೂಗಿಗೆ ಸಿಗುವುದು ಹೆಚ್ಚಾಗಿ ಇವೇ. ಅಂದಹಾಗೆ ಆ ಗೂಸ್‌ಬೆರಿ ನಮ್ಮ ನೆಲ್ಲಿಕಾಯಿ ಅಲ್ಲ, ಅದು ಬೇರೆಯೇ ಗಿಡದ ಹಣ್ಣು. ಐದಕ್ಕೆ ಜಂಬುನೇರಳೆ, ಆರಕ್ಕೆ ಹಿಪ್ಪುನೇರಳೆ. ಕೆಂಪು ವೈನ್‌ಗಳ ‘ಡಾರ್ಕ್ ಫ್ರೂಟ್’ಗೆ ಇವೆರಡೂ ಸಾಕು, ಕರಂಟ್ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಏಳಕ್ಕೆ ಜಜ್ಜಿದ ಕೊತ್ತಂಬರಿ ಬೀಜ. ಅದರ ಹೂವಿನಂಥ ಘಮಕ್ಕೆ ಕಾರಣವಾದ ಲಿನಲೂಲ್ ಮಸ್ಕಟ್ ದ್ರಾಕ್ಷಿಯಲ್ಲೂ ಧಾರಾಳವಾಗಿದೆ.

ಉಳಿದ ಮೂರು ಡಬ್ಬಿ ಮರದ ಪೀಪಾಯಿಯ ಲೆಕ್ಕಕ್ಕೆ: ಲವಂಗ, ಒಣ ಕೊಬ್ಬರಿ, ವೆನಿಲ್ಲಾ. ಓಕ್ ಮರದಿಂದ ವೈನ್‌ಗೆ ಇಳಿಯುವ ಮುಖ್ಯ ವಾಸನೆಗಳು ಇವು. ಅಮೆರಿಕದ ಓಕ್ ಆದರೆ ಕೊಬ್ಬರಿ ಎದ್ದು ಕಾಣುತ್ತದೆ, ಅರಸೀಕೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2003ರ ಸುಮಾರಿಗೆ ಬೆಲೆ ಏರಿದಾಗ ಮಲೆನಾಡಿನ ತುಂಬ ಹಬ್ಬಿಸಿ, ಬೆಲೆ ಕುಸಿದಾಗ ಕೈಬಿಟ್ಟ ವೆನಿಲ್ಲಾ ಬಳ್ಳಿ ಯಾರದೋ ತೋಟದ ಮೂಲೆಯಲ್ಲಿ ಇನ್ನೂ ಇರಬಹುದು, ಒಂದು ಸಂಸ್ಕರಿಸಿದ ಕೋಡು ಕೇಳಿ ತನ್ನಿ. ಹುರಿದ ಕಾಫಿಯ ವಾಸನೆಯೂ ಸುಟ್ಟ ಪೀಪಾಯಿಯಿಂದ ಬರುತ್ತದೆ, ಅದಕ್ಕೆ ಪ್ರತ್ಯೇಕ ಡಬ್ಬಿ ಬೇಡ.

ವಾರಕ್ಕೆರಡು ಸಲ ಕಣ್ಣು ಮುಚ್ಚಿ, ಮನೆಯವರಿಂದ ಡಬ್ಬಿ ಹಿಡಿಸಿಕೊಂಡು ಹೆಸರು ಹೇಳಿ. ಆರಂಭದಲ್ಲಿ ಕೊತ್ತಂಬರಿಯನ್ನೂ ಗುರುತಿಸಲಾಗದೆ ತಡವರಿಸುತ್ತೀರಿ. ವಾಸನೆ ಗೊತ್ತಿದ್ದೂ ಹೆಸರು ಬಾಯಿಗೆ ಬಾರದಿರುವುದು ಎಲ್ಲರಿಗೂ ಆಗುವಂಥದ್ದು, ಅಭ್ಯಾಸದಿಂದ ಮಾತ್ರ ಸರಿಹೋಗುತ್ತದೆ. ಹಣ್ಣಿನ ಡಬ್ಬಿಗಳನ್ನು ಪ್ರತಿ ಸಲ ಹೊಸದಾಗಿ ತುಂಬಿ, ಇಲ್ಲದಿದ್ದರೆ ಹುಳಿತ ಸೀಬೆಯನ್ನೇ ಸೀಬೆ ಎಂದು ಮೂಗು ಕಲಿಯುತ್ತದೆ.

ಹಂತ 3: ಬಾಟಲಿ ಕೊಳ್ಳುವುದು

ನಮ್ಮಲ್ಲಿ ‘ವೈನ್ಸ್’ ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ ವೈನ್ ಬಿಟ್ಟು ಮಿಕ್ಕಿದ್ದೆಲ್ಲ ಕೈಗೆಟುಕುವ ಎತ್ತರದಲ್ಲಿರುತ್ತದೆ. ವೈನ್ ಇರುವುದು ಮೇಲಿನ ಅಟ್ಟದಲ್ಲಿ, ತಗಡಿನ ಮಾಡಿನ ಕೆಳಗೆ, ಟ್ಯೂಬ್‌ಲೈಟಿನ ಪಕ್ಕದಲ್ಲಿ, ನಿಂತ ಭಂಗಿಯಲ್ಲಿ. ಬಿಸಿಲಿಗೆ, ಬಿಸಿಗೆ ಒಡ್ಡಿದ ವೈನ್ ಹಾಳಾಗುತ್ತದೆ. ಆದ್ದರಿಂದ ಒಳ್ಳೆಯ ಹೆಸರಿಗಿಂತ ಬೇಗ ಖರ್ಚಾಗುವ, ತಣ್ಣಗಿರುವ ಅಂಗಡಿ ಮುಖ್ಯ. ಚೀಟಿಯ ಮೇಲಿನ ವರ್ಷ ನೋಡಿ. ಸಾಧಾರಣ ಬೆಲೆಯ ಬಿಳಿ ವೈನ್ ಆದರೆ ಎರಡು ವರ್ಷಕ್ಕಿಂತ ಹಳೆಯದು ಬೇಡ. ‘ಹಳೆಯದಾದಷ್ಟೂ ಒಳ್ಳೆಯದು’ ಎಂಬ ಮಾತು ಬೆರಳೆಣಿಕೆಯ ವೈನ್‌ಗಳಿಗೆ ಮಾತ್ರ ಒಪ್ಪುತ್ತದೆ. ತಿರುಗಿಸಿ ತೆಗೆಯುವ ಲೋಹದ ಮುಚ್ಚಳ ಕಂಡರೆ ಅಗ್ಗದ್ದು ಎಂದು ಮೂಗು ಮುರಿಯಬೇಡಿ. ನಮ್ಮ ಹವೆಗೆ ಕಾರ್ಕಿಗಿಂತ ಅದೇ ವಾಸಿ.

ಮಲೆನಾಡಿನಲ್ಲಿ ವೈನ್ ದ್ರಾಕ್ಷಿ ಯಾಕಿಲ್ಲ ಎಂದು ಕೇಳುವವರಿದ್ದಾರೆ. ಜೂನ್‌ನಿಂದ ಹಿಡಿಯುವ ಮಳೆ, ಆರದ ತೇವ, ಎಲೆಗೆ ಬರುವ ಬೂಜುರೋಗ, ಇಷ್ಟು ಸಾಕು ಬಳ್ಳಿ ಕೆಡಲು. ಹಾಗಾಗಿ ನಮಗೆ ಸಿಗುವ ಬಾಟಲಿಗಳು ಒಣಸೀಮೆಯವು. ನಂದಿಬೆಟ್ಟದ ಬುಡದ ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಶುರುವಾದ ಗ್ರೋವರ್, ಈಗಿನ ಗ್ರೋವರ್ ಜಂಪಾ. ಹಂಪಿ ಸೀಮೆಯ ಕೃಷ್ಮಾ. ಮಹಾರಾಷ್ಟ್ರದಿಂದ ನಾಸಿಕದ ಸುಲಾ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜಿನ ಫ್ರಾಟೆಲ್ಲಿ. ನಮ್ಮ ರಾಜ್ಯ 2007ರಲ್ಲಿ ವೈನ್ ನೀತಿಯನ್ನೇ ತಂದಿತು. ದಖ್ಖನ್ನಿನ ದ್ರಾಕ್ಷಿತೋಟಗಳಲ್ಲಿ ವರ್ಷಕ್ಕೆ ಎರಡು ಸಲ ಚಾಟನಿ (ಬಳ್ಳಿ ಸವರುವುದು), ಏಪ್ರಿಲ್‌ನಲ್ಲೊಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ. ಕೊಯ್ಲು ಬಹುಪಾಲು ಜನವರಿಯಿಂದ ಮಾರ್ಚ್, ಅಂದರೆ ನಮ್ಮಲ್ಲಿ ರೊಬಸ್ಟಾ ಕಾಫಿ ಕೊಯ್ಯುವ ಹೊತ್ತಿಗೆ.

ಮೊದಲ ಕಂತಿಗೆ ನಾಲ್ಕು ಬಾಟಲಿ: ಬಿಳಿಯಲ್ಲಿ ಒಂದು ಶೆನಿನ್ ಬ್ಲಾಂ, ಒಂದು ಸೋವಿನ್ಯೋನ್ ಬ್ಲಾಂ, ಕೆಂಪಿನಲ್ಲಿ ಒಂದು ಶಿರಾಜ್, ಒಂದು ಕ್ಯಾಬರ್ನೆ ಸೋವಿನ್ಯೋನ್. ನಾಲ್ಕೈದು ಜನ ಸೇರಿ ಹಂಚಿಕೊಂಡರೆ ಹೊರೆಯಾಗದು. 750 ಮಿಲಿ ಬಾಟಲಿಯಿಂದ 50 ಮಿಲಿಯಂತೆ 15 ಸಲ ಸುರಿಯಬಹುದು. ಹೆಸರುಗಳನ್ನು ಹೇಗೆ ಉಚ್ಚರಿಸಬೇಕೆಂದು ತಲೆಕೆಡಿಸಿಕೊಳ್ಳಬೇಡಿ, ಬೆರಳು ತೋರಿಸಿದರೂ ಕೊಡುತ್ತಾರೆ.

ಚೀಟಿಯ ಮೇಲೆ ಕಾಣುವ ‘ರಿಸರ್ವ್’ ಎಂಬ ಪದಕ್ಕೆ ಸ್ಪೇನ್‌ನಲ್ಲಿ ಕಾನೂನಿನ ಬಲವಿದೆ. ಅಲ್ಲಿ ‘ರೆಸೆರ್ವಾ’ ಕೆಂಪು ವೈನ್ ಮೂರು ವರ್ಷ ಮಾಗಿರಬೇಕು, ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್‌ನಲ್ಲಿ. ಬೇರೆ ಅನೇಕ ಕಡೆ ಅದು ಮಾರಾಟದ ಮಾತು. ಬಾರುಗಳಲ್ಲಿ ಅಗ್ಗಕ್ಕೆ ಸಿಗುವ ಸಿಹಿ ‘ಪೋರ್ಟ್’ ಕೂಡ ಬಹುತೇಕ ಹೆಸರಿಗಷ್ಟೇ ಪೋರ್ಟ್. ನಿಜವಾದದ್ದು ಪೋರ್ಚುಗಲ್ಲಿನ ಡೋರೋ ಕಣಿವೆಯದು, ಹುದುಗು ಅರ್ಧದಲ್ಲಿರುವಾಗ ದ್ರಾಕ್ಷಿಯ ಬ್ರ್ಯಾಂದಿ ಸುರಿದು ನಿಲ್ಲಿಸಿದ್ದು. ಉಳಿದ ಸಕ್ಕರೆಯಿಂದ ಸಿಹಿ, ಕಾವು ಸುಮಾರು 20%.

ಹಂತ 4: ಮೇಜಿನ ಮುಂದೆ

ಬೆಳಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು, ನಾಲಿಗೆ ಚುರುಕಾಗಿರುತ್ತದೆ. ಊದುಬತ್ತಿ, ಒಗ್ಗರಣೆ, ಮುಡಿದ ಮಲ್ಲಿಗೆ ಆ ಕೋಣೆಯಲ್ಲಿ ಬೇಡ. ಎಲೆಅಡಿಕೆ ಹಾಕಿಕೊಂಡವರು ಒಂದು ಗಂಟೆ ಕಾಯಬೇಕು. ಗ್ಲಾಸು ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರಬೇಕು, ನಾಲ್ಕೂ ಒಂದೇ ಅಳತೆಯವು ಇರಬೇಕು. ಸ್ಟೀಲ್ ಲೋಟದಲ್ಲಿ ಬಣ್ಣವೂ ಕಾಣದು, ವಾಸನೆಯೂ ನಿಲ್ಲದು. ಉಗುಳಲು ಒಂದು ಚೊಂಬು ಇಡಿ. ಉಗುಳುವುದು ಅವಮಾನವಲ್ಲ, ಕಪ್ಪಿಂಗ್ ಕೋಣೆಯಲ್ಲಿ ಎಲ್ಲರೂ ಉಗುಳುತ್ತಾರೆ. ನುಂಗುತ್ತ ಹೋದರೆ ನಾಲ್ಕನೆಯ ಗ್ಲಾಸಿನ ಬಗ್ಗೆ ನೀವು ಹೇಳುವುದನ್ನು ನಂಬುವಂತಿಲ್ಲ. ಆಮೇಲೆ ಚಾರ್ಮಾಡಿ ಘಾಟಿ ಇಳಿಯುವವರು ಇದ್ದರೆ ಅವರಿಗೆ ಮೂಸಲು ಮಾತ್ರ ಕೊಡಿ.

ಕೆಂಪು ವೈನ್ ‘ರೂಮ್ ಟೆಂಪರೇಚರ್’ನಲ್ಲಿ ಎಂದು ಪುಸ್ತಕ ಹೇಳುವುದು ಯುರೋಪಿನ ಕೋಣೆಯ ಲೆಕ್ಕದಲ್ಲಿ, ಅಂದರೆ 16ರಿಂದ 18 ಡಿಗ್ರಿ. ಡಿಸೆಂಬರ್ ಬೆಳಗ್ಗೆ ಚಿಕ್ಕಮಗಳೂರಿನ ಕೋಣೆ ಅದಕ್ಕೆ ಹತ್ತಿರ. ಏಪ್ರಿಲ್‌ನ ಹಾಸನದಲ್ಲಿ ಕೆಂಪನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಲೇಬೇಕು, ಇಲ್ಲವಾದರೆ ಕಾವೊಂದೇ ಮೂಗಿಗೆ ಹೊಡೆಯುತ್ತದೆ. ಬಿಳಿಗೆ 8ರಿಂದ 12 ಡಿಗ್ರಿ. ತೀರಾ ತಣ್ಣಗಾದರೆ ವಾಸನೆ ಏಳುವುದಿಲ್ಲ.

ಗ್ಲಾಸನ್ನು ಬಿಳಿ ಕಾಗದದ ಮೇಲೆ ವಾಲಿಸಿ ಬಣ್ಣ ನೋಡಿ. ಕೆಂಪು ವೈನ್ ಹಳತಾದಂತೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಬಿಳಿ ಗಾಢ ಹಳದಿಗೆ. ಗೋಡೆಯಲ್ಲಿ ಇಳಿಯುವ ಗೆರೆಗಳನ್ನು ತೋರಿಸಿ ‘ನೋಡಿ ಕ್ವಾಲಿಟಿ’ ಎನ್ನುವವರನ್ನು ನಂಬಬೇಡಿ. ಅದು ಹೆಚ್ಚಾಗಿ ಆಲ್ಕೋಹಾಲ್ ಆವಿಯಾಗುವುದರಿಂದ ಆಗುವ ಆಟ, ಗುಣಕ್ಕೂ ಅದಕ್ಕೂ ಸಂಬಂಧವಿಲ್ಲ. ಆಮೇಲೆ ಅಲುಗಿಸದೆ ಒಮ್ಮೆ ಮೂಸಿ. ಗ್ಲಾಸಿನ ಬುಡವನ್ನು ಮೇಜಿನ ಮೇಲೆ ಊರಿ ಗಿರಗಿರನೆ ಆಡಿಸಿ ಮತ್ತೆ ಮೂಸಿ. ಮೊದಲ ಎರಡು ಉಸಿರಿನಲ್ಲಿ ಹೊಳೆದದ್ದನ್ನೇ ಬರೆದುಕೊಳ್ಳಿ, ಮೂಗು ಬೇಗ ದಣಿಯುತ್ತದೆ. ದಣಿದರೆ ನಿಮ್ಮದೇ ಮೊಣಕೈ ಮಡಿಕೆಯನ್ನು ಮೂಸಿ, ಸರಿಹೋಗುತ್ತದೆ.

ಬಾಯಿಗೆ ಒಂದು ಗುಟುಕು ತೆಗೆದುಕೊಂಡು, ತುಟಿಯ ಸಂದಿಯಿಂದ ಗಾಳಿ ಎಳೆದು, ಕೆನ್ನೆಯೆಲ್ಲ ಓಡಾಡಿಸಿ. ಐದು ಸಂಗತಿಗಳನ್ನು ಒಂದೊಂದಾಗಿ ಕೇಳಿಕೊಳ್ಳಿ: ಸಿಹಿ ಇದೆಯೇ, ನೀರೂರುತ್ತದೆಯೇ, ಒಸಡು ಹಿಡಿಯುತ್ತದೆಯೇ, ಗಂಟಲು ಬೆಚ್ಚಗಾಯಿತೇ, ಭಾರವೋ ಹಗುರವೋ. ಉಗುಳಿದ ಮೇಲೆ ರುಚಿ ಎಷ್ಟು ಸೆಕೆಂಡು ಉಳಿಯಿತು ಎಂದು ಎಣಿಸಿ, ಅದೇ ‘ಫಿನಿಶ್’. ಐದರಲ್ಲಿ ಯಾವುದೂ ಒಂದೇ ತಲೆ ಎತ್ತಿ ಕೂಗದಿದ್ದರೆ ಹದ ಇದೆ ಎಂದರ್ಥ, ಇಂಗ್ಲಿಷಿನವರು ‘ಬ್ಯಾಲೆನ್ಸ್’ ಎನ್ನುವುದು ಈ ಹದವನ್ನೇ.

ಬರೆದುಕೊಳ್ಳುವ ಮಾದರಿ ಹೀಗಿರಲಿ: ‘ತಿಳಿ ಹುಲ್ಲುಹಳದಿ. ಸೀಬೆ, ಚಕ್ಕೋತದ ಸಿಪ್ಪೆ, ಹಿಂದೆ ದೊಣ್ಣೆಮೆಣಸು. ಸಿಹಿಯಿಲ್ಲ, ಹುಳಿ ಜೋರು, ಒಗರಿಲ್ಲ, ಕಾವು ಸಾಧಾರಣ, ಹಗುರ. 6 ಸೆಕೆಂಡು, ಕೊನೆಗೆ ಚಕ್ಕೋತ. ಕರಿದ ಮೀನಿಗೆ ಆದೀತು.’ ಇಷ್ಟರಲ್ಲಿ ಯಾರು ಓದಿದರೂ ಅದು ಸೋವಿನ್ಯೋನ್ ಬ್ಲಾಂ ಎಂದು ಊಹಿಸಬಹುದು. ‘ಸೂಪರ್ ಆಗಿದೆ’ ಎಂದು ಬರೆದರೆ ಮುಂದಿನ ತಿಂಗಳು ನಿಮಗೇ ಏನೂ ನೆನಪಾಗದು.

ದ್ರಾಕ್ಷಿಗಳ ಪರಿಚಯ

ಶೆನಿನ್ ಬ್ಲಾಂ ಫ್ರಾನ್ಸಿನ ಲ್ವಾರ್ ಕಣಿವೆಯದು. ನಮ್ಮಲ್ಲಿ ಅದನ್ನು ಹೆಚ್ಚಾಗಿ ಚೂರು ಸಿಹಿ ಉಳಿಸಿ ಮಾಡುತ್ತಾರೆ: ಸೇಬು, ಜೇನು, ಹಣ್ಣಾದ ಅನಾನಸ್. ಹೊಸಬರಿಗೆ ಇದೇ ಬಾಗಿಲು. ಸೋವಿನ್ಯೋನ್ ಬ್ಲಾಂ ಬಗ್ಗೆ ಮೇಲೆ ಹೇಳಿದೆ. ವಿಯೋನ್ಯೇ ಸಿಕ್ಕರೆ ಬಿಡಬೇಡಿ, ಹುಳಿ ಕಡಿಮೆ, ಹೂವಿನ ಘಮ ಹೆಚ್ಚು. ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಕಾಫಿ ತೋಟದ ನಡುವೆ ನಿಂತವರು ಅದರ ಬಗ್ಗೆ ಬರೆಯುವಾಗ ಕಾಫಿ ಹೂ ಎಂದೇ ಬರೆಯಬಹುದು. ಶಾರ್ಡನೇಗೆ ತನ್ನದೇ ಜೋರು ವಾಸನೆಯಿಲ್ಲ, ಮಾಡುವವರ ಕೈ ಅದರಲ್ಲಿ ಹೆಚ್ಚು ಕಾಣುತ್ತದೆ.

ಕ್ಯಾಬರ್ನೆ ಸೋವಿನ್ಯೋನ್ ಕೆಂಪು ದ್ರಾಕ್ಷಿಯಾದರೂ ಅದರ ಹೆತ್ತವರಲ್ಲಿ ಒಂದು ಬಿಳಿ. ಕ್ಯಾಬರ್ನೆ ಫ್ರಾಂ ಮತ್ತು ಸೋವಿನ್ಯೋನ್ ಬ್ಲಾಂ ಬೆರೆತು ಹುಟ್ಟಿದ್ದು ಎಂಬುದು 1997ರಲ್ಲಿ ಡಿಎನ್ಎ ಪರೀಕ್ಷೆಯಿಂದ ತಿಳಿಯಿತು. ದೊಣ್ಣೆಮೆಣಸಿನ ವಾಸನೆ ಎರಡೂ ಕಡೆಯಿಂದ ಬಂದ ಬಳುವಳಿ. ಸಿಪ್ಪೆ ದಪ್ಪ, ಒಗರು ಜೋರು, ವಾಸನೆ ನೇರಳೆಯದ್ದು. ಶಿರಾಜ್ ಮತ್ತು ಸಿರಾ ಒಂದೇ ದ್ರಾಕ್ಷಿಯ ಎರಡು ಹೆಸರು: ಹಿಪ್ಪುನೇರಳೆ, ಕಾಳುಮೆಣಸು, ಕ್ಯಾಬರ್ನೆಗಿಂತ ಮೆತ್ತಗಿನ ಒಗರು. ಮೆರ್ಲೋ ಇನ್ನೂ ಮೆತ್ತಗೆ. ಇಟಲಿಯ ಸಾಂಜೊವೇಸೆ, ಸ್ಪೇನಿನ ಟೆಂಪ್ರಾನಿಯೋ ಕೂಡ ದಖ್ಖನ್ನಿನಲ್ಲಿ ಬೆಳೆಯುತ್ತಿವೆ.

ಬೆಂಗಳೂರು ಬ್ಲೂ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ನಮ್ಮ ತಲೆಯಲ್ಲಿ ‘ದ್ರಾಕ್ಷಿಯ ವಾಸನೆ’ ಎಂದರೆ ಅದೇ. 2013ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಈ ದ್ರಾಕ್ಷಿ ಮೇಲೆ ಹೇಳಿದವುಗಳ ಕುಲದ್ದಲ್ಲ, ಅಮೆರಿಕದ ಲಬ್ರುಸ್ಕಾ ಬಳ್ಳಿಯ ರಕ್ತ ಇದರಲ್ಲಿದೆ. ದ್ರಾಕ್ಷಿ ಪೆಪ್ಪರ್‌ಮಿಂಟು, ದ್ರಾಕ್ಷಿ ಸೋಡಾದ ಆ ವಾಸನೆ ಮೀಥೈಲ್ ಆಂಥ್ರನಿಲೇಟ್‌ನದು. ಇಂಗ್ಲಿಷಿನಲ್ಲಿ ಇದನ್ನು ‘ಫಾಕ್ಸಿ’ ಎಂದು ಸ್ವಲ್ಪ ಕೀಳಾಗಿ ಕರೆಯುತ್ತಾರೆ. ನನಗೆ ಆ ತಿರಸ್ಕಾರ ಒಪ್ಪಿಗೆಯಿಲ್ಲ, ತಿನ್ನಲು ಅದಕ್ಕಿಂತ ಘಮದ ದ್ರಾಕ್ಷಿ ಇಲ್ಲ. ಆದರೆ ಆ ಒಂದು ವಾಸನೆ ಬೇರೆಲ್ಲವನ್ನೂ ನುಂಗಿಹಾಕುವುದರಿಂದ ಕಲಿಯುವವರ ಮೊದಲ ಬಾಟಲಿ ಅದಾಗುವುದು ಬೇಡ.

ತಯಾರಿಕೆಯ ಮಾತುಗಳು, ಗ್ಲಾಸಿನಲ್ಲಿ ಸಿಗುವಷ್ಟು

ಕಾಫಿಯಲ್ಲಿ ನಾವು ಹಣ್ಣಿನ ತಿರುಳನ್ನು ಹುದುಗಿಸಿ ತೊಳೆದುಹಾಕಿ ಬೀಜ ಉಳಿಸಿಕೊಳ್ಳುತ್ತೇವೆ. ವೈನ್‌ನಲ್ಲಿ ಬೀಜ ಬಿಸಾಡಿ ರಸ ಉಳಿಸಿಕೊಳ್ಳುತ್ತಾರೆ. ಹುದುಗಿನ ಭಾಷೆ ಮಾತ್ರ ಎರಡು ಕಡೆಯೂ ಒಂದೇ. ಹಣ್ಣಿನ ಸಕ್ಕರೆಯನ್ನು ‘ಬ್ರಿಕ್ಸ್’ನಲ್ಲಿ ಅಳೆಯುತ್ತಾರೆ, ಈಗ ಕೆಲವು ಕಾಫಿ ತೋಟಗಳಲ್ಲೂ ಅದನ್ನು ಅಳೆಯುವ ಪುಟ್ಟ ರಿಫ್ರಾಕ್ಟೋಮೀಟರ್ ಕಾಣಬಹುದು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ 1% ಆಲ್ಕೋಹಾಲ್. 24 ಬ್ರಿಕ್ಸ್‌ನ (100 ಗ್ರಾಂ ರಸದಲ್ಲಿ ಸುಮಾರು 24 ಗ್ರಾಂ ಸಕ್ಕರೆ) ದ್ರಾಕ್ಷಿ 13-14% ವೈನ್ ಆಗುವುದು ಈ ಲೆಕ್ಕದಲ್ಲಿ.

ಹೆಚ್ಚಿನ ಕಪ್ಪು ದ್ರಾಕ್ಷಿಗಳ ರಸಕ್ಕೂ ಬಣ್ಣವಿಲ್ಲ, ಬಣ್ಣವೂ ಒಗರೂ ಸಿಪ್ಪೆಯಲ್ಲಿವೆ. ಸಿಪ್ಪೆಯ ಜೊತೆ ರಸ ನೆನೆಯುವುದಕ್ಕೆ ‘ಮ್ಯಾಸರೇಷನ್’ ಎಂದು ಹೆಸರು. ದಿನಗಟ್ಟಲೆ ನೆನೆದರೆ ಕೆಂಪು, ಕೆಲವೇ ಗಂಟೆ ನೆನೆದರೆ ರೋಜೆ, ನೆನೆಸದೆ ಹಿಂಡಿ ತೆಗೆದರೆ ಬಿಳಿ. ಬಿಳಿಯನ್ನು ತಣ್ಣಗೆ, ಸುಮಾರು 12ರಿಂದ 18 ಡಿಗ್ರಿಯಲ್ಲಿ ಹುದುಗಿಸುತ್ತಾರೆ, ಹಣ್ಣಿನ ಘಮ ಹಾರಿಹೋಗದಿರಲಿ ಎಂದು. ಕೆಂಪಿಗೆ ಹೆಚ್ಚು ಶಾಖ ಬೇಕು, ಸಿಪ್ಪೆಯ ಸಾರ ಇಳಿಯಬೇಕಲ್ಲ.

ಹಸಿ ಸೇಬು ಮತ್ತು ಮೊಸರಿನ ಹುಳಿ ನೆನಪಿದೆಯೇ? ಮೊದಲ ಹುದುಗಿನ ನಂತರ ಬ್ಯಾಕ್ಟೀರಿಯಾ ಮ್ಯಾಲಿಕ್ ಆಮ್ಲವನ್ನು ಲ್ಯಾಕ್ಟಿಕ್ ಆಗಿ ಬದಲಿಸುತ್ತದೆ. ಇದು ‘ಮ್ಯಾಲೋಲ್ಯಾಕ್ಟಿಕ್’. ಚುಚ್ಚುವ ಹುಳಿ ಮೆತ್ತಗಾಗುತ್ತದೆ, ಪಕ್ಕದಲ್ಲಿ ಡೈಅಸಿಟೈಲ್ ಹುಟ್ಟಿ ಬೆಣ್ಣೆಯ ವಾಸನೆ ಬರುತ್ತದೆ. ಶಾರ್ಡನೇಯಲ್ಲಿ ಬೆಣ್ಣೆ ಸಿಕ್ಕರೆ ಕಾರಣ ಇದು. ತಳದಲ್ಲಿ ಕೂತ ಯೀಸ್ಟ್ ಗಸಿಗೆ ‘ಲೀಸ್’ ಎನ್ನುತ್ತಾರೆ, ಅದರ ಮೇಲೆ ಬಹುಕಾಲ ಬಿಟ್ಟ ವೈನ್‌ಗೆ ಬನ್ನಿನ ಹಿಟ್ಟಿನ ವಾಸನೆ. ಗಸಿ ಬಿಟ್ಟು ತಿಳಿಯನ್ನು ಬಗ್ಗಿಸಿಕೊಳ್ಳುವುದು ‘ರ‍್ಯಾಕಿಂಗ್’. ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸಿ ಗುಳ್ಳೆ ಹಿಡಿದಿಟ್ಟದ್ದು ಸ್ಪಾರ್ಕ್ಲಿಂಗ್, ಫ್ರಾನ್ಸಿನ ಶಾಂಪೇನ್ ಪ್ರಾಂತ್ಯದಲ್ಲಿ ಮಾಡಿದ್ದಾದರೆ ಮಾತ್ರ ಶಾಂಪೇನ್.

ಕೆಟ್ಟದ್ದನ್ನು ಗುರುತಿಸುವುದು

ಮಳೆಗಾಲದಲ್ಲಿ ಮುಗ್ಗಲು ಹಿಡಿದ ಗೋಣಿಚೀಲ, ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಡಿಸಿದೆ. ಟಿಸಿಎ ಎಂಬ ಅಣು ಅದಕ್ಕೆ ಕಾರಣ. ಕಾಫಿಯಲ್ಲಿ ‘ರಿಯೋ’ ಎಂದು ಕಪ್ಪರ್‌ಗಳು ತಿರಸ್ಕರಿಸುವ ದೋಷದ ಹಿಂದೆಯೂ ಇದೇ ಟಿಸಿಎ ಇದೆ. ಆ ಕೆಲಸ ಮಾಡಿದವರು ಇಲ್ಲಿ ಬೇರೆಲ್ಲರಿಗಿಂತ ಮುಂದೆ. ವಿನೆಗರ್ ಅಥವಾ ಉಗುರುಬಣ್ಣದ ವಾಸನೆ ಬಂದರೆ ಬ್ಯಾಕ್ಟೀರಿಯಾ ಕೈಯಾಡಿಸಿದೆ. ಕತ್ತರಿಸಿಟ್ಟು ಕಂದಿದ ಸೇಬು ಅನಿಸಿದರೆ ಗಾಳಿ ತಗುಲಿದೆ. ಕುದಿಸಿದ ಜಾಮಿನ ವಾಸನೆ ಬಂದರೆ ಅಂಗಡಿಯ ಅಟ್ಟ ನೆನಪು ಮಾಡಿಕೊಳ್ಳಿ. ಕೊಳೆತ ಮೊಟ್ಟೆ ಅಥವಾ ಆಗಷ್ಟೇ ಗೀರಿದ ಬೆಂಕಿಕಡ್ಡಿ ಬಂದರೆ ಮಾತ್ರ ಅವಸರಪಡಬೇಡಿ, ಎರಡು ಪಾತ್ರೆಗಳ ನಡುವೆ ಮೇಲಿಂದ ಸುರಿದಾಡಿಸಿದರೆ ಎಷ್ಟೋ ಸಲ ಹೋಗುತ್ತದೆ. ದನದ ಕೊಟ್ಟಿಗೆಯ ವಾಸನೆ ಬ್ರೆಟ್ ಎಂಬ ಯೀಸ್ಟಿನದು. ಚೂರು ಇದ್ದರೆ ಇಷ್ಟಪಡುವವರೂ ಇದ್ದಾರೆ, ಆ ಜಗಳಕ್ಕೆ ನಾನಿಲ್ಲ.

ಹೋಂಸ್ಟೇಗಳಲ್ಲಿ ಕೊಡುವ ನೆಲ್ಲಿಕಾಯಿ, ಕಿತ್ತಳೆ, ಶುಂಠಿ ‘ಹೋಂಮೇಡ್ ವೈನ್’ ಬಗ್ಗೆ ಎರಡು ಮಾತು. ಬಹುಪಾಲು ಸಕ್ಕರೆ ಎಷ್ಟು ಜೋರಾಗಿರುತ್ತದೆಂದರೆ ದೋಷ, ಗುಣ ಎರಡೂ ಅದರಡಿ ಅಡಗಿರುತ್ತವೆ. ಚೀಟಿ ಇಲ್ಲದ್ದರಲ್ಲಿ ಕಾವು ಎಷ್ಟೆಂದು ಹೇಳಲಾಗದು, ಅಬಕಾರಿ ಪರವಾನಗಿ ಇಲ್ಲದೆ ಮಾರುವುದು ಅಪರಾಧ ಕೂಡ. ಪಾಠಕ್ಕೆ ಅದು ಬೇಡ.

ಊಟದ ಜೊತೆ

ನಾಟಿಕೋಳಿ ಸಾರಿನ ಖಾರಕ್ಕೆ ಒಗರು ಜೋರಾದ ಕ್ಯಾಬರ್ನೆ ಕೊಟ್ಟರೆ ಬಾಯಿ ಉರಿದುಹೋಗುತ್ತದೆ, ಒಗರೂ ಕಾವೂ ಖಾರವನ್ನು ಎಬ್ಬಿಸುತ್ತವೆ. ಚೂರು ಸಿಹಿಯಿರುವ, ತಣ್ಣಗಿನ ಶೆನಿನ್ ಅಲ್ಲಿ ಸರಿ. ಖಾರ ಕಡಿಮೆ ಇರುವ, ಮೆಣಸು ಹಾಕಿ ಹುರಿದ ಮಾಂಸ, ಅಕ್ಕಿ ರೊಟ್ಟಿಗೆ ಶಿರಾಜ್. ಕಳಲೆ ಪಲ್ಯಕ್ಕೆ ಸೋವಿನ್ಯೋನ್ ಬ್ಲಾಂ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ, ಹಸಿರು ವಾಸನೆಗೆ ಹಸಿರು ವಾಸನೆ. ಉಪ್ಪಿನಕಾಯಿಗೆ ಯಾವ ವೈನೂ ನಿಲ್ಲುವುದಿಲ್ಲ.

ಮಿಕ್ಕ ವೈನ್ ಕೆಂಪಾಗಲಿ ಬಿಳಿಯಾಗಲಿ ಮುಚ್ಚಿ ಫ್ರಿಜ್‌ನಲ್ಲಿಡಿ, ಮೂರು ದಿನ ಕುಡಿಯಬಹುದು. ದೊಡ್ಡ ಬಾಟಲಿಯಲ್ಲಿ ಅರ್ಧ ಖಾಲಿ ಬಿಡುವ ಬದಲು ಸಣ್ಣ ಬಾಟಲಿಗೆ ಕುತ್ತಿಗೆವರೆಗೆ ತುಂಬಿಟ್ಟರೆ ಗಾಳಿ ಕಡಿಮೆ ತಗುಲಿ ಇನ್ನೂ ಎರಡು ದಿನ ಬರುತ್ತದೆ. ಪ್ರತಿ ಬಾಟಲಿಯಿಂದ 50 ಮಿಲಿಯನ್ನು ಮಾತ್ರ ಬೇಕೆಂದೇ ಅರ್ಧ ತುಂಬಿದ ಸೀಸೆಯಲ್ಲಿ ಹೊರಗಿಟ್ಟು ಒಂದು ವಾರದ ನಂತರ ಮೂಸಿ. ಗಾಳಿ ತಗುಲಿದ ವೈನ್ ಹೇಗಿರುತ್ತದೆ ಎಂದು ಕಲಿಯಲು ಬೇರೆ ಬಾಟಲಿ ಕೊಳ್ಳಬೇಕಾಗಿಲ್ಲ.